ಬಲಗಡೆ ಸವೆದ ಕಾಲರ್

ಆಲೂಗಡ್ಡೆಯ ಚೀಲದಲ್ಲಿ ಮಡಚಿ ತಂದಳು
ಟ್ಯಾಮ್ಸಿನ್ ಪಾಕ್ಲಿಂಗ್ಟನ್,
ಲಿಂಕನ್‌ಶೈರಿನ ಬಯಲಿನಿಂದ, ನವೆಂಬರಿನ ಒಂದು ಗುರುವಾರ.
"ತಾತನದು. ಯುದ್ಧದಲ್ಲಿ ವಿಮಾನ ಹಾರಿಸುತ್ತಿದ್ದರು.
ಊರಿನ ಮ್ಯೂಸಿಯಮ್ಮಿಗೆ ಕೊಡಬೇಕು.
ಹೊಸದರ ಹಾಗೆ ಮಾಡಿಕೊಡಿ."

ಹೊಸದರ ಹಾಗೆ. ಎಲ್ಲರೂ ಕೇಳುವುದು ಅದನ್ನೇ.
ಮೇಜಿನ ಮೇಲೆ ಬಿಳಿ ದುಪ್ಪಟಿ ಹಾಸಿ
ಅಂಗಾತ ಮಲಗಿಸಿದೆ. ಎರಡು ದಿನ ಮುಟ್ಟಲಿಲ್ಲ.
ಅರ್ಧ ಶತಮಾನ ಮೊಳೆಗೆ ನೇತಾಡಿದ ಬಟ್ಟೆಗೆ
ಮಲಗುವುದು ಹೇಗೆಂದು ಮೊದಲು ನೆನಪಾಗಬೇಕು.

ಆಮೇಲೆ ಭೂತಗನ್ನಡಿ.
ಜಿಪ್ಪು ಹಿತ್ತಾಳೆಯದು, ಎಳೆಯುವ ನಾಲಗೆಯ ಮೇಲೆ
ಸವೆದ ಕಿರೀಟ, ಅದರಡಿ ಎರಡಕ್ಷರ: ಅಸಲಿ.
ಕತ್ತಿನ ಚೀಟಿಯಲ್ಲಿ ಶಾಯಿ ಓಡಿಹೋಗಿ
ಅಳತೆಯ ಒಂದು ಐದು ಮಾತ್ರ ಉಳಿದಿದೆ.
ಒಳಪದರದಲ್ಲಿ ಬೂರುಗದ ಹತ್ತಿ,
ಜಾವಾದ ಕಡೆಯಿಂದ ಹಡಗೇರಿ ಬಂದದ್ದಿರಬೇಕು.
ಇಲ್ಲಿಯವರೆಗೆ ಎಲ್ಲ ಸರಿ.

ಸರಿಯಿಲ್ಲದ್ದು ಸವಕಲು.
ಪೈಲಟ್ ಆದವನು ಪ್ಯಾರಾಚೂಟಿನ ಪಟ್ಟಿ ಬಿಗಿದು ಕೂರುತ್ತಾನೆ;
ಹೆಗಲೆರಡೂ, ತೊಡೆಸಂದೂ ಉಜ್ಜಿ ಹೊಳೆಯಬೇಕು.
ಇಲ್ಲಿ ಹೆಗಲು ಮೊನ್ನೆ ಹೊಲಿದಂತಿದೆ.
ಕುಂಡೆ ಮಾತ್ರ ಜಾಳುಜಾಳು,
ಕಬ್ಬಿಣದ ಸೀಟಿನ ತೂತುಗಳು ಅಚ್ಚೊತ್ತಿದಂತೆ ಉಂಗುರಗಳು.
ತುಪ್ಪಳದ ಕಾಲರು
ಎಡಗಡೆ ಕುರಿಮರಿಯ ಹೊಟ್ಟೆಯಷ್ಟು ಮೆತ್ತಗೆ,
ಬಲಗಡೆ ಬೋಳು.
ಆಕಾಶದಲ್ಲಿ ಕತ್ತು ಎರಡೂ ಕಡೆ ತಿರುಗುತ್ತದೆ,
ಸಾವು ಯಾವ ದಿಕ್ಕಿನಿಂದ ಬಂದೀತೋ ಯಾರಿಗೆ ಗೊತ್ತು?
ಮೂವತ್ತು ಚಳಿಗಾಲ, ಒಂದೇ ಕಡೆ, ಬಲಕ್ಕೆ ಹೊರಳಿ
ಹಿಂದೆ ನೋಡುವವನು ಒಬ್ಬನೇ:
ನೇಗಿಲ ಸಾಲು ನೆಟ್ಟಗೆ ಬರುತ್ತಿದೆಯೇ ಎಂದು.

ಮೊಣಕಾಲ ಜೇಬು ಬಿಚ್ಚಿದೆ. ನಕಾಶೆಯ ಜೇಬು.
ನಾಲ್ಕು ಬೀಟ್ ಬೀಜ, ಗಂಟುಬಿದ್ದ ಗೋಣಿದಾರ,
1951ರ ಡೀಸೆಲ್ ರಸೀದಿ,
ಬಿ. ಪಾಕ್ಲಿಂಗ್ಟನ್, ಹದಿನೆಂಟು ಗ್ಯಾಲನ್.
ಎದೆಯ ಮೇಲಿನ ಸುಟ್ಟ ಕಲೆ, ಅವಳ ಮನೆಮಂದಿಗೆಲ್ಲ
ವಿಮಾನದ ಬೆಂಕಿಯಾಗಿದ್ದದ್ದು,
ಅಳೆದರೆ ಅಡುಗೆ ಒಲೆಯ ಕಂಬಿಯಷ್ಟೇ ಅಗಲ.
ಒಣಹಾಕಿ ಮರೆತಿದ್ದಾರೆ.
ಯುದ್ಧ ಮುಗಿದ ಮೇಲೆ ಸರ್ಕಾರ ರಾಶಿ ಹಾಕಿ ಮಾರಿತ್ತು,
ಹದಿನೈದು ಶಿಲಿಂಗಿಗೆ ಒಂದು ಆಕಾಶ.

ಫೋನನ್ನು ಮೂರು ಸಲ ಎತ್ತಿ ಇಟ್ಟೆ.
ಈ ಕಸುಬಿನಲ್ಲಿ ಸುಳ್ಳು ಹೊಲಿಯಲು ದಾರವೂ ಬೇಡ.
ನನಗೆ ಗೊತ್ತಿರುವ ಒಬ್ಬ ವ್ಯಾಪಾರಿ, ಸ್ಟಾನಿಲ್ಯಾಂಡ್,
ಹೆಗಲಿಗೆ ಉಪ್ಪುಕಾಗದ ತಿಕ್ಕಿ
ಅರ್ಧ ಗಂಟೆಯಲ್ಲಿ ಪೈಲಟ್ ಮಾಡಿಬಿಡುತ್ತಾನೆ.
ಬೆಲೆ ಹತ್ತು ಪಟ್ಟು.

ಬಂದಳು. ಹೇಳಿದೆ.
ಬೀಜಗಳನ್ನು ಅವಳ ಅಂಗೈಗೆ ಹಾಕಿದೆ.
ಬಹಳ ಹೊತ್ತು ಕಾಲರಿನ ಬೋಳನ್ನೇ ಸವರುತ್ತ ಕೂತಳು.
"ಹಾರಿದೆ ಅಂತ ತಾತ ಯಾವತ್ತೂ ಹೇಳಿರಲಿಲ್ಲ," ಅಂದಳು,
"ನಾವೇ ಹೇಳಿದ್ದು. ಬಾಗಿಲ ಹಿಂದೆ ತೂಗುತ್ತಿದ್ದದ್ದನ್ನು ನೋಡಿ.
ಎಷ್ಟು ಎತ್ತರ ಹೋಗಿದ್ದೆ ಅಂತ ಕೇಳಿದರೆ
ಚಹಾ ಊದುತ್ತ, 'ಸೀಟಿನಷ್ಟು' ಅನ್ನುತ್ತಿದ್ದರು.
ತಮಾಷೆ ಅಂದುಕೊಂಡು ನಗುತ್ತಿದ್ದೆವು."

ಇದನ್ನು ಯಾವ ದಿನಕ್ಕೆ ಮರಳಿಸಲಿ?
ಕಾರ್ಖಾನೆಯಿಂದ ಹೊರಬಂದ ದಿನಕ್ಕೋ,
ಅವರು ಕೊನೆಯ ಸಲ ಬಿಚ್ಚಿ ಮೊಳೆಗೆ ಹಾಕಿದ ಸಂಜೆಗೋ?
ಅವಳೂ ಹೇಳಲಿಲ್ಲ.
ಜಿಪ್ಪಿಗೆ ಜೇನುಮೇಣ ಸವರಿದೆ.
ನುಸಿ ತಿಂದ ತೋಳಿಗೆ ಒಳಗಿನಿಂದ ರೇಷ್ಮೆಯ ಆಸರೆ,
ಕಂಡೂ ಕಾಣದ ಹೊಲಿಗೆ, ಹನ್ನೊಂದು ರಾತ್ರಿ.
ಬೋಳಿಗೆ ತುಪ್ಪಳ ನೆಡಲಿಲ್ಲ.
ಕಾಲಮಡಿಕೆಯಲ್ಲಿ ಗಟ್ಟಿಯಾದ ಕಪ್ಪು ಮಣ್ಣಿಗೆ
ಬ್ರಷ್ ಎತ್ತಿದಾಗ ಅವಳು ನನ್ನ ಮಣಿಕಟ್ಟು ಹಿಡಿದಳು.
ಬ್ರಷ್ ಕೆಳಗಿಟ್ಟೆ.

ಮ್ಯೂಸಿಯಮ್ಮಿನವರು ಬಲು ವಿನಯದಿಂದ ಬೇಡವೆಂದರಂತೆ.
ಈಗ ಮತ್ತೆ ಬಾಗಿಲ ಹಿಂದೆ, ಅದೇ ಮೊಳೆಗೆ.
ಅವಳ ಮಗ, ಒಂಬತ್ತರವನು, ಬಂದವರಿಗೆಲ್ಲ ತೋರಿಸುತ್ತಾನಂತೆ:
ನನ್ನ ಮುತ್ತಾತ ಪೈಲಟ್.
"ತಿದ್ದಲಿಲ್ಲವೇ?" ಅಂದೆ.
"ತಿದ್ದಿದೆ," ಅಂದಳು. "ನಗುತ್ತಾನೆ."